ಗುಡ್ಡದ ನೆಲಕ್ಕೆ ಮಿನಿ ಟ್ರ್ಯಾಕ್ಟರ್: ಏರುವ ಲೆಕ್ಕದ ಜೊತೆ ಇಳಿಯುವ ಲೆಕ್ಕವೂ ಬೇಕು

ಮಾನ್ಯ ಸಂಪಾದಕರಿಗೆ,

ನಮಸ್ಕಾರಗಳು. ಸಣ್ಣ ಹಿಡುವಳಿದಾರರು ಮಿನಿ ಟ್ರ್ಯಾಕ್ಟರನ್ನು ಆರಿಸಿಕೊಳ್ಳುವ ಬಗ್ಗೆ ನಿಮ್ಮ ಕೃಷಿ ಪುರವಣಿಯಲ್ಲಿ ಈಚೆಗೆ ಪ್ರಕಟವಾದ ಲೇಖನವನ್ನು ಓದಿ ಈ ಪತ್ರ ಬರೆಯುತ್ತಿದ್ದೇನೆ. ಲೇಖನದ ಜೊತೆಗಿದ್ದ ಪಟ್ಟಿಯಲ್ಲಿ ಅಶ್ವಶಕ್ತಿ, ಗೇರುಗಳ ಸಂಖ್ಯೆ, ಎತ್ತುವ ಸಾಮರ್ಥ್ಯ, ಬೆಲೆ, ಸಹಾಯಧನ ಎಲ್ಲವೂ ಇದ್ದವು. ದಾವಣಗೆರೆಯ ಅಥವಾ ಹಾವೇರಿಯ ರೈತರಿಗೆ ಅಷ್ಟು ವಿವರ ಸಾಕು. ಆದರೆ ಕೊಪ್ಪ, ಶೃಂಗೇರಿ, ತೀರ್ಥಹಳ್ಳಿ, ಸಿದ್ದಾಪುರ, ಮಡಿಕೇರಿಯ ಕಡೆಯವರು ಅದೇ ಪಟ್ಟಿಯನ್ನು ಹಿಡಿದುಕೊಂಡು ಷೋರೂಮಿಗೆ ಹೋದರೆ ಕೇಳಬೇಕಾದ ಮುಖ್ಯ ಪ್ರಶ್ನೆಯನ್ನೇ ಕೇಳದೆ ಹಿಂದಿರುಗುತ್ತಾರೆ. ಗುಡ್ಡದ ನೆಲದಲ್ಲಿ ಟ್ರ್ಯಾಕ್ಟರ್ ಎಷ್ಟು ಕಡಿದಾದ ಏರನ್ನು ಹತ್ತುತ್ತದೆ ಎಂಬುದು ಎರಡನೆಯ ಮಾತು. ತುಂಬಿದ ಟ್ರೇಲರನ್ನು ಬೆನ್ನಿಗೆ ಕಟ್ಟಿಕೊಂಡು ಒದ್ದೆ ಮಣ್ಣಿನ ಮೇಲೆ ಅದು ಹೇಗೆ ಇಳಿಯುತ್ತದೆ ಎಂಬುದನ್ನು ಮೊದಲು ನೋಡಬೇಕು. ಕೊಪ್ಪ ತಾಲ್ಲೂಕಿನ ಸಣ್ಣ ಅಡಿಕೆ ಬೆಳೆಗಾರನಾದ ನಾನು 11 ವರ್ಷಗಳಲ್ಲಿ ಎರಡು ಮಿನಿ ಟ್ರ್ಯಾಕ್ಟರುಗಳನ್ನು ಕೊಂಡಿದ್ದೇನೆ. ಮೊದಲನೆಯದನ್ನು ಕೊಂಡದ್ದು ಪೂರ್ತಿ ತಪ್ಪು ಲೆಕ್ಕದ ಮೇಲೆ. ಆ ತಪ್ಪನ್ನು ಬೇರೆಯವರೂ ಮಾಡದಿರಲಿ ಎಂಬ ಕಾರಣಕ್ಕೆ ಪತ್ರ ಸ್ವಲ್ಪ ಉದ್ದವಾದರೂ ಸಹಿಸಿಕೊಳ್ಳಬೇಕೆಂದು ಕೋರುತ್ತೇನೆ.

ನಮ್ಮ ಕಡೆಯ ಜಮೀನಿನ ಸ್ವರೂಪ ಗೊತ್ತಿಲ್ಲದವರಿಗಾಗಿ ಒಂದೆರಡು ಮಾತು. ಅಡಿಕೆ ತೋಟವಿರುವುದು ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ. ಮನೆ, ಕೊಟ್ಟಿಗೆ, ಅಡಿಕೆ ಒಣಗಿಸುವ ಅಂಗಳ ಇವು ಗುಡ್ಡದ ನಡುಮಟ್ಟದಲ್ಲಿರುತ್ತವೆ. ಸೊಪ್ಪು, ದರಗು (ಉದುರಿದ ಒಣ ಎಲೆ), ಕೆಮ್ಮಣ್ಣು ಸಿಗುವ ಬ್ಯಾಣ, ಅಂದರೆ ತೋಟಕ್ಕೆ ಸೇರಿದ ಹುಲ್ಲುಗುಡ್ಡ, ಅದಕ್ಕೂ ಮೇಲೆ. ತೋಟದೊಳಗೆ ಉಳುವ ಕೆಲಸ ಇಲ್ಲವೆಂದೇ ಹೇಳಬೇಕು. ಬೇರು ಮೇಲೆಯೇ ಹರಡಿರುವ ಅಡಿಕೆಯ ಬುಡಕ್ಕೆ ಮಣ್ಣು ಪುಡಿಮಾಡುವ ರೋಟವೇಟರ್ ಬಿಡುವವರು ಯಾರೂ ಇಲ್ಲ. ಹಾಗಾಗಿ ಮಲೆನಾಡಿನಲ್ಲಿ ಮಿನಿ ಟ್ರ್ಯಾಕ್ಟರಿನ ಕೆಲಸವೆಂದರೆ ಮುಖ್ಯವಾಗಿ ಹೊರುವ ಕೆಲಸ. ತೋಟಕ್ಕೆ ಹೊಸ ಮಣ್ಣು ಹಾಕುವುದು, ಕೊಟ್ಟಿಗೆ ಗೊಬ್ಬರ ಸಾಗಿಸುವುದು, ಸೊಪ್ಪು ತರುವುದು, ಮಳೆಗಾಲದ ಹೊಸ್ತಿಲಲ್ಲಿ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಡ್ರಮ್ಮುಗಳನ್ನು ತೋಟದ ಅಂಚಿಗೆ ತಲುಪಿಸುವುದು, ಹೀಗೆ ಹೆಚ್ಚಿನ ಭಾರವೆಲ್ಲ ಮೇಲಿನಿಂದ ಕೆಳಗೆ ಹೋಗುತ್ತದೆ. ಕೊಯ್ಲಿನ ಕಾಲದಲ್ಲಿ ಹಸಿ ಅಡಿಕೆ ಮೇಲಕ್ಕೆ ಬರುತ್ತದೆ, ನಿಜ. ಆದರೆ ವರ್ಷದ ಒಟ್ಟು ಟ್ರಿಪ್ಪುಗಳನ್ನು ಎಣಿಸಿದರೆ ನಮ್ಮ ಟ್ರ್ಯಾಕ್ಟರ್ ಖಾಲಿಯಾಗಿ ಏರುತ್ತದೆ, ತುಂಬಿಕೊಂಡು ಇಳಿಯುತ್ತದೆ. ಬಯಲುಸೀಮೆಯ ಸಲಹೆ ಇಲ್ಲಿಗೆ ಒಗ್ಗದಿರುವುದಕ್ಕೆ ಕಾರಣ ಇದೇ.

ಮೊದಲ ಟ್ರ್ಯಾಕ್ಟರನ್ನು ನಾನು ಕೊಂಡದ್ದು ಎಚ್‌ಪಿ ನೋಡಿ. ಹಿಂದಿನ ಎರಡು ಗಾಲಿಗಳಿಗೆ ಮಾತ್ರ ಎಂಜಿನ್ ಬಲವಿದ್ದ, ಕಿರಿದಾದ, ಹಗುರವಾದ ಗಾಡಿ ಅದು. ಮಾರಾಟಗಾರರು ತಾಲ್ಲೂಕು ಕೇಂದ್ರದ ಆಟದ ಮೈದಾನದಲ್ಲಿ ಅದನ್ನು ಓಡಿಸಿ ತೋರಿಸಿದರು. ಬಳಿಕ ರಸ್ತೆ ಬದಿಯ ಒಂದು ದಿಬ್ಬಕ್ಕೆ ಹತ್ತಿಸಿ, ‘ಗೋಡೆ ಬೇಕಾದರೂ ಹತ್ತುತ್ತೆ ಸಾರ್’ ಎಂದರು. ಹತ್ತುವ ವಿಷಯದಲ್ಲಿ ಅವರು ಸುಳ್ಳು ಹೇಳಿರಲಿಲ್ಲ. ಎರಡನೆಯ ವರ್ಷದ ಮೇ ತಿಂಗಳಿನಲ್ಲಿ, ಕೃತ್ತಿಕಾ ಮಳೆಯ ಒಂದು ಹದ ಬಿದ್ದ ಮರುದಿನ, ಬ್ಯಾಣದಿಂದ ಮಣ್ಣು ತುಂಬಿಕೊಂಡು ತೋಟದ ದಾರಿಗೆ ಇಳಿಯುವಾಗ ಬ್ರೇಕ್ ಒತ್ತಿದೆ. ಹಿಂದಿನ ಗಾಲಿಗಳು ನಿಂತವು, ಟ್ರ್ಯಾಕ್ಟರ್ ನಿಲ್ಲಲಿಲ್ಲ. ಗಾಬರಿಯಲ್ಲಿ ಕ್ಲಚ್ಚನ್ನೂ ತುಳಿದೆ. ಟ್ರೇಲರ್ ಹಿಂದಿನಿಂದ ದೂಡಿ, ಮಡಚಿಕೊಂಡು ಪಕ್ಕಕ್ಕೆ ಬಂದು, ಟ್ರ್ಯಾಕ್ಟರನ್ನು ದಾರಿಯ ಒಳಬದಿಯ ಚರಂಡಿಗೆ ನೂಕಿತು. ಹೊರಬದಿಗೆ ನೂಕಿದ್ದರೆ 30 ಅಡಿ ಆಳಕ್ಕೆ ನೆಟ್ಟಗಿಳಿದ ಮಣ್ಣಿನ ಧರೆ. ಕ್ಲಚ್ ತುಳಿದದ್ದು ನನ್ನ ತಪ್ಪು. ಆದರೆ ಬ್ರೇಕಿಗೆ ಹಿಡಿತ ಸಿಗದೆ ಹೋದದ್ದಕ್ಕೆ ಕಾರಣ ಆ ಗಾಡಿಯ ತೂಕದ ಲೆಕ್ಕದಲ್ಲಿತ್ತು. ಅದನ್ನು ಕೊಳ್ಳುವ ಮೊದಲೇ ಕಾಗದದ ಮೇಲೆ ಮಾಡಿ ನೋಡಬಹುದಿತ್ತು.

ಆ ಲೆಕ್ಕವನ್ನು ಇಲ್ಲಿ ಬಿಡಿಸಿ ಬರೆಯುತ್ತೇನೆ. ಐದು ಅಡಿ ಮುಂದೆ ಹೋದರೆ ಒಂದು ಅಡಿ ಇಳಿಯುವ ದಾರಿ ಎಂದರೆ ಶೇ 20ರ ಇಳಿಜಾರು, ಡಿಗ್ರಿಯಲ್ಲಿ ಸುಮಾರು 11. ಮಲೆನಾಡಿನ ತೋಟದ ದಾರಿಗಳಲ್ಲಿ ಇದೇನೂ ಅಪರೂಪವಲ್ಲ. ಇಂಥ ದಾರಿಯಲ್ಲಿ ಪ್ರತಿ 100 ಕೆ.ಜಿ. ಭಾರವೂ ಸುಮಾರು 20 ಕೆ.ಜಿ.ಯಷ್ಟು ಬಲದಿಂದ ಕೆಳಕ್ಕೆ ದೂಡುತ್ತಿರುತ್ತದೆ. ಟ್ರ್ಯಾಕ್ಟರ್ 800 ಕೆ.ಜಿ., ಮಣ್ಣು ತುಂಬಿದ ಟ್ರೇಲರ್ 1500 ಕೆ.ಜಿ. ಎಂದಿಟ್ಟುಕೊಂಡರೆ ಒಟ್ಟು 2300 ಕೆ.ಜಿ.ಯ ದೂಡುವಿಕೆ ಸುಮಾರು 450 ಕೆ.ಜಿ.; ನೆಲವೇ ಗಾಲಿಗಳಿಗೆ ಒಡ್ಡುವ ತಡೆಯನ್ನು ಕಳೆದರೂ 370ರ ಆಸುಪಾಸಿನಲ್ಲಿ ಉಳಿಯುತ್ತದೆ. ಇದನ್ನು ತಡೆಯಬೇಕಾದದ್ದು ಬ್ರೇಕ್ ಎಂದು ನಾವು ತಿಳಿದಿರುತ್ತೇವೆ. ವಾಸ್ತವದಲ್ಲಿ ತಡೆಯುವುದು ಬ್ರೇಕ್ ಹಾಕಿದ ಗಾಲಿಗೆ ನೆಲದ ಮೇಲಿರುವ ಹಿಡಿತ. ಹಿಂದಿನ ಎರಡು ಗಾಲಿಗಳಿಗೆ ಮಾತ್ರ ಬ್ರೇಕ್ ಇರುವ ಗಾಡಿಯಲ್ಲಿ, ಟ್ರೇಲರಿನ ಮೂತಿ ಹೊರಿಸುವ ಭಾರವನ್ನು ಸೇರಿಸಿಕೊಂಡರೂ, ಆ ಗಾಲಿಗಳ ಮೇಲೆ ಬೀಳುವ ತೂಕ 600 ಕೆ.ಜಿ.ಯ ಆಚೀಚೆ, ಏಕೆಂದರೆ ಇಳಿಯುವಾಗ ತೂಕ ಮುಂದಿನ ಗಾಲಿಗಳ ಕಡೆಗೆ ವಾಲುತ್ತದೆ. ಗಟ್ಟಿ ಒಣ ನೆಲ ಆ ತೂಕದ ಮೂರನೆಯ ಎರಡು ಭಾಗದಷ್ಟು ಹಿಡಿತ ಕೊಟ್ಟರೆ, ಮಳೆಗೆ ನೆನೆದ ಕೆಮ್ಮಣ್ಣು ಕೊಡುವುದು ಮೂರನೆಯ ಒಂದು ಭಾಗ. ಅಂದರೆ ಒಣಗಿದ್ದಾಗ 400 ಕೆ.ಜಿ., ನೆನೆದಾಗ 200 ಕೆ.ಜಿ. ಏಪ್ರಿಲ್‌ನಲ್ಲಿ ಅಂತೂ ಇಂತೂ ನಿಂತ ಗಾಡಿ ಮೇ ತಿಂಗಳಿನಲ್ಲಿ ಏಕೆ ನಿಲ್ಲಲಿಲ್ಲ ಎಂಬುದು ಇದರಿಂದ ಗೊತ್ತಾಗುತ್ತದೆ. ಈ ಲೆಕ್ಕದಲ್ಲಿ ಎಲ್ಲಿಯೂ ಅಶ್ವಶಕ್ತಿ ಬಂದಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಅಂಕಿಗಳು ಒಂದೊಂದು ಗಾಡಿಗೂ ಒಂದೊಂದು ನೆಲಕ್ಕೂ ಬದಲಾಗುತ್ತವೆ. ಲೆಕ್ಕದ ದಾರಿ ಬದಲಾಗುವುದಿಲ್ಲ.

ಫೋರ್ ವೀಲ್ ಡ್ರೈವ್, ಅಂದರೆ ನಾಲ್ಕೂ ಗಾಲಿಗಳಿಗೆ ಎಂಜಿನ್ ಬಲ ಕೊಡುವ ವ್ಯವಸ್ಥೆ, ಬೇಕೆಂದು ನಾನು ಹೇಳುವುದು ಈ ಕಾರಣಕ್ಕೆ. ಸಾಮಾನ್ಯವಾಗಿ ಅದನ್ನು ಹತ್ತುವ ಶಕ್ತಿಯ ಹೆಸರಿನಲ್ಲಿ ಮಾರುತ್ತಾರೆ, ಜನರೂ ಹಾಗೆಂದೇ ಕೊಳ್ಳುತ್ತಾರೆ. ಆದರೆ ಫೋರ್ ವೀಲ್ ಹಾಕಿಕೊಂಡಾಗ ಮುಂದಿನ ಗಾಲಿಗಳು ಗೇರಿನ ಮೂಲಕ ಹಿಂದಿನ ಗಾಲಿಗಳಿಗೆ ಕಟ್ಟಿದಂತಾಗುವುದರಿಂದ, ಹಿಂದೆ ಒತ್ತಿದ ಬ್ರೇಕಿನ ತಡೆ ಮುಂದಿನ ಗಾಲಿಗಳಿಗೂ ಮುಟ್ಟುತ್ತದೆ. ಎಂಜಿನ್ನಿನ ತಡೆ ಕೂಡ ನಾಲ್ಕು ಗಾಲಿಗಳಲ್ಲಿಯೂ ಕೆಲಸ ಮಾಡುತ್ತದೆ. ಇಳಿಯುವಾಗ ತೂಕ ಬೀಳುವುದು ಮುಂದಿನ ಗಾಲಿಗಳ ಮೇಲಾದ್ದರಿಂದ ಹಿಡಿತ ಸಿಗುವುದೂ ಅಲ್ಲಿಯೇ. ಮೇಲಿನ ಉದಾಹರಣೆಯಲ್ಲಿ ಟ್ರೇಲರಿನ ಒಟ್ಟು ತೂಕವನ್ನು 1500ರಿಂದ 950 ಕೆ.ಜಿ.ಗೆ ಇಳಿಸಿ ಫೋರ್ ವೀಲ್ ಹಾಕಿಕೊಂಡರೆ, ನೆನೆದ ಮಣ್ಣಿನಲ್ಲಿಯೂ ಹಿಡಿತ ದೂಡುವಿಕೆಗಿಂತ ಸ್ವಲ್ಪ ಹೆಚ್ಚೇ ಉಳಿಯುತ್ತದೆ. ಇಲ್ಲಿ ‘ಇಳಿಸಿ’ ಎಂಬ ಮಾತು ಮುಖ್ಯ. ಫೋರ್ ವೀಲ್ ಇದೆಯೆಂದು ಮೊದಲಿನಷ್ಟೇ ಹೇರಿದರೆ ಅಪಾಯವೂ ಮೊದಲಿನ ಹತ್ತಿರಕ್ಕೇ ಬರುತ್ತದೆ. ಇಳಿಜಾರಿನಲ್ಲಿ ಟ್ರೇಲರಿನ ಒಟ್ಟು ತೂಕ ಟ್ರ್ಯಾಕ್ಟರಿನ ತೂಕವನ್ನು ಬಹಳ ಮೀರಬಾರದು, ಮೀರುವುದಾದರೆ ಟ್ರೇಲರಿಗೆ ಅದರದೇ ಬ್ರೇಕ್ ಇರಬೇಕು ಎಂಬುದನ್ನು ನಾನು ನಿಯಮ ಮಾಡಿಕೊಂಡಿದ್ದೇನೆ. ಸ್ಥಳೀಯ ವೆಲ್ಡಿಂಗ್ ಶೆಡ್ಡುಗಳಲ್ಲಿ ಮಾಡಿಸುವ ಸಣ್ಣ ಟ್ರೇಲರುಗಳಲ್ಲಿ ನಾನು ಬ್ರೇಕ್ ಕಂಡದ್ದು ತೀರಾ ಕಡಿಮೆ. ಟ್ರ್ಯಾಕ್ಟರಿಗೆ ಲಕ್ಷಗಟ್ಟಲೆ ಕೊಡುವವರು ಟ್ರೇಲರಿನ ವಿಷಯಕ್ಕೆ ಬಂದಾಗ ಚೌಕಾಸಿ ಮಾಡುತ್ತಾರೆ. ನಾನೂ ಮಾಡಿದ್ದೆ.

ಇಳಿಯುವ ವಿಷಯದಲ್ಲಿ ಗೇರ್ ಬಾಕ್ಸನ್ನೂ ನೋಡಬೇಕು. ಏರಿದ ಗೇರಿನಲ್ಲಿಯೇ ಇಳಿಯಬೇಕು ಎಂಬುದು ಹಳೆಯ ಡ್ರೈವರುಗಳ ಮಾತು. ಖಾಲಿ ಏರಿ ತುಂಬಿಕೊಂಡು ಇಳಿಯುವ ನಮಗೆ ಅದಕ್ಕಿಂತಲೂ ಒಂದು ಗೇರ್ ಕಡಿಮೆ ಬೇಕಾಗುತ್ತದೆ. ಆದ್ದರಿಂದ ಗೇರುಗಳು ಎಂಟೋ ಒಂಬತ್ತೋ ಎಂಬುದಕ್ಕಿಂತ ಅತಿ ಕೆಳಗಿನ ಗೇರಿನಲ್ಲಿ ಗಂಟೆಗೆ ಎಷ್ಟು ಕಿ.ಮೀ. ವೇಗ ಎಂಬುದನ್ನು ಕೇಳಬೇಕು. ಮನುಷ್ಯ ನಿಧಾನವಾಗಿ ನಡೆಯುವುದಕ್ಕಿಂತಲೂ ಕಡಿಮೆ, ಅಂದರೆ ಗಂಟೆಗೆ ಎರಡು ಕಿ.ಮೀ.ಗಿಂತ ಕೆಳಗಿನ ವೇಗ ಸಿಕ್ಕರೆ ಒಳ್ಳೆಯದು. ಗೇರನ್ನು ಇಳಿಜಾರು ಶುರುವಾಗುವ ಮೊದಲೇ ಹಾಕಿಕೊಳ್ಳಬೇಕು, ನಡುವೆ ಬದಲಿಸಬಾರದು, ಕ್ಲಚ್ಚಿನ ಮೇಲೆ ಕಾಲಿಡಬಾರದು. ಎಡ ಬಲ ಗಾಲಿಗಳಿಗೆ ಬೇರೆ ಬೇರೆಯಾಗಿರುವ ಎರಡು ಬ್ರೇಕ್ ಪೆಡಲುಗಳನ್ನು ಕೊಂಡಿ ಹಾಕಿ ಒಂದು ಮಾಡಿಕೊಂಡಿರಬೇಕು. ತೋಟದ ತಿರುವಿಗೆಂದು ಬಿಚ್ಚಿದ ಆ ಕೊಂಡಿಯನ್ನು ಮತ್ತೆ ಹಾಕಲು ಮರೆತು ಇಳಿಜಾರಿಗೆ ಬಂದರೆ, ಒಂದೇ ಗಾಲಿ ಹಿಡಿದು ಗಾಡಿ ಸುತ್ತಿಬಿಡುತ್ತದೆ. ಬ್ರೇಕ್ ಎಣ್ಣೆಯಲ್ಲಿ ಮುಳುಗಿರುವ ಬಗೆಯದಾಗಿದ್ದರೆ ಕೆಸರು ನೀರು ಒಳಗೆ ಹೋಗುವ ಭಯ ಕಡಿಮೆ; ಈಗಿನ ಬಹಳಷ್ಟು ಮಾದರಿಗಳಲ್ಲಿ ಅದು ಇದೆ.

ಇನ್ನು ಪಕ್ಕಕ್ಕೆ ಮಗುಚುವ ವಿಷಯ. ಮಿನಿ ಟ್ರ್ಯಾಕ್ಟರುಗಳು ನಮ್ಮ ದೇಶದಲ್ಲಿ ಹೆಸರು ಮಾಡಿದ್ದು ಮಹಾರಾಷ್ಟ್ರದ ದ್ರಾಕ್ಷಿ ತೋಟಗಳಲ್ಲಿ, ಗುಜರಾತಿನ ಹತ್ತಿ ಶೇಂಗಾ ಸಾಲುಗಳ ನಡುವೆ. ಸಾಲುಗಳ ನಡುವೆ ಹೋಗಲು ಅಲ್ಲಿ ಬೇಕಾದದ್ದು ಕಿರಿದಾದ ಗಾಡಿ, ನೆಲ ಸಮತಟ್ಟಾದ್ದರಿಂದ ಅದು ನಡೆಯುತ್ತದೆ. ಅದೇ ಕಿರಿದಾದ ಗಾಡಿಯನ್ನು ಗುಡ್ಡಕ್ಕೆ ತಂದರೆ ಅದರ ಗುಣವೇ ದೋಷವಾಗುತ್ತದೆ. ಸ್ವಿಟ್ಜರ್ಲೆಂಡ್, ಆಸ್ಟ್ರಿಯಾಗಳ ಪರ್ವತದ ಹುಲ್ಲುಗಾವಲುಗಳಲ್ಲಿ ಬಳಸುವ ಯಂತ್ರಗಳ ಚಿತ್ರ ನೋಡಿದವರಿಗೆ ಗೊತ್ತಿರಬಹುದು, ಅವು ಆಮೆಯಂತೆ ಅಗಲವಾಗಿ, ನೆಲಕ್ಕೆ ಹತ್ತಿರವಾಗಿ ಇರುತ್ತವೆ. ಹಿಂದಿನ ಗಾಲಿಗಳ ನಡುವೆ ಮೂರು ಅಡಿ ಅಂತರವಿದ್ದು, ಗುರುತ್ವ ಕೇಂದ್ರ (ಗಾಡಿಯ ತೂಕವೆಲ್ಲ ಕೂಡಿದಂತಿರುವ ಬಿಂದು) ನೆಲದಿಂದ ಎರಡು ಅಡಿ ಎತ್ತರದಲ್ಲಿರುವ ಗಾಡಿ, ಬರಿಯ ರೇಖಾಗಣಿತದ ಪ್ರಕಾರ, 36 ಡಿಗ್ರಿವರೆಗೂ ವಾಲಿ ನಿಲ್ಲಬೇಕು. ಆದರೆ ಟ್ರ್ಯಾಕ್ಟರಿನ ಮುಂದಿನ ಆಕ್ಸಲ್ (ಗಾಲಿಗಳ ಅಚ್ಚು) ನಡುವಿನ ಒಂದೇ ಗೂಟದ ಮೇಲೆ ತೂಗುವಂಥದ್ದು. ಆದ್ದರಿಂದ ಮಗುಚುವ ಮೊದಲ ಹಂತದಲ್ಲಿ ಅದು ನಾಲ್ಕು ಕಾಲಿನ ಮೇಜಿನ ಹಾಗಲ್ಲ, ಮೂರು ಕಾಲಿನ ಮಣೆಯ ಹಾಗೆ ವರ್ತಿಸುತ್ತದೆ. ಹೀಗೆ ಲೆಕ್ಕ ಹಾಕಿದರೆ ಮಿತಿ 24 ಡಿಗ್ರಿಯ ಹತ್ತಿರಕ್ಕೆ ಬರುತ್ತದೆ, ಅದೂ ನಿಂತ ಗಾಡಿಗೆ. 11 ಡಿಗ್ರಿಯ ಇಳಿಜಾರಿಗೆ ಅಡ್ಡಲಾಗಿ ಹೋಗುತ್ತಿರುವಾಗ ಕೆಳಬದಿಯ ಹಿಂದಿನ ಗಾಲಿ ನಾಲ್ಕು ಇಂಚಿನ ಗುಂಡಿಗೆ ಇಳಿದು, ಅದೇ ಕ್ಷಣ ಮೇಲುಬದಿಯ ಗಾಲಿ ನಾಲ್ಕು ಇಂಚಿನ ಕಲ್ಲು ಹತ್ತಿದರೆ, ವಾಲಿದ್ದು ಹೆಚ್ಚುಕಡಿಮೆ ಆ 24 ಡಿಗ್ರಿಯೇ ಆಗುತ್ತದೆ. ಕಾಡುಹಂದಿ ಒಕ್ಕಿದ ಗುಂಡಿಗಳು ನಮ್ಮ ಬ್ಯಾಣದಲ್ಲಿ ಎಷ್ಟಿವೆ ಎಂದು ಎಣಿಸಿದವರಿಲ್ಲ.

ಆದ್ದರಿಂದ ಅಡ್ಡಲಾಗಿ ಓಡಿಸದೆ ನೇರವಾಗಿ ಏರಿ ನೇರವಾಗಿ ಇಳಿಯುವುದು ಮೊದಲ ಪಾಠ. ಕೊಳ್ಳುವಾಗ ನೋಡಬೇಕಾದದ್ದು ಹಿಂದಿನ ಗಾಲಿಗಳ ಅಂತರವನ್ನು ಹೆಚ್ಚಿಸಲು ಬರುತ್ತದೆಯೇ ಎಂಬುದನ್ನು. ಬಹಳ ಮಾದರಿಗಳಲ್ಲಿ ಗಾಲಿಯ ನಡುವಿನ ಡಿಸ್ಕನ್ನು ತಿರುವಿಹಾಕಿ ಜೋಡಿಸಿದರೆ ಅಂತರ ಕೆಲವು ಇಂಚು ಅಗಲವಾಗುತ್ತದೆ, ಖರ್ಚಿಲ್ಲದೆ. ಅಡಿಕೆಯನ್ನು ಒಂಬತ್ತು ಅಡಿಗೆ ಒಂದರಂತೆ ನೆಟ್ಟ ತೋಟದಲ್ಲಿ, ನಡುವಿನ ಬಸಿಗಾಲುವೆಯನ್ನು ಬಿಟ್ಟರೆ, ನಾಲ್ಕು ಅಡಿ ಅಗಲದ ಗಾಡಿಗೆ ಜಾಗ ಸಿಗುವುದು ಕಷ್ಟ ಎಂಬ ಆಕ್ಷೇಪ ಸರಿಯೇ. ಆದರೆ ನಾವು ಸಾಲಿನ ಒಳಗೆ ಹೋಗುವುದು ವರ್ಷದಲ್ಲಿ ಕೆಲವೇ ದಿನ, ಇಳಿಜಾರಿನ ದಾರಿಯಲ್ಲಿ ಓಡಾಡುವುದು ವರ್ಷವಿಡೀ. ನಾನಂತೂ ಅಗಲವನ್ನೇ ಆರಿಸಿಕೊಂಡೆ. ತೋಟದ ಅಂಚಿನಿಂದ ಒಳಕ್ಕೆ ಕೈಗಾಡಿಯಲ್ಲಿ ಸಾಗಿಸುತ್ತೇವೆ. ಇನ್ನೊಂದು ಅಗ್ಗದ ಉಪಾಯವೆಂದರೆ ಹಿಂದಿನ ಟೈರುಗಳಿಗೆ ಮುಕ್ಕಾಲು ಭಾಗ ನೀರು ತುಂಬಿಸುವುದು. ತೂಕ ನೆಲದ ಹತ್ತಿರವೇ ಸೇರುವುದರಿಂದ ಹಿಡಿತವೂ ಹೆಚ್ಚುತ್ತದೆ, ಗುರುತ್ವ ಕೇಂದ್ರವೂ ಕೆಳಗಿಳಿಯುತ್ತದೆ. ಇದಕ್ಕೆ ವಿರುದ್ಧವಾದದ್ದು ಅರ್ಧ ತುಂಬಿದ ಔಷಧಿ ಟ್ಯಾಂಕು. ಒಳಗಿನ ನೀರು ವಾಲಿದ ಕಡೆಗೇ ನುಗ್ಗಿ ಇನ್ನಷ್ಟು ವಾಲಿಸುತ್ತದೆ. 500 ಲೀಟರಿನ ಒಂದು ಟ್ಯಾಂಕಿಗಿಂತ ಬಾಯಿ ಮುಚ್ಚಿದ ಸಣ್ಣ ಡ್ರಮ್ಮುಗಳನ್ನು ಒತ್ತಾಗಿ ಕಟ್ಟಿ ಒಯ್ಯುವುದು ವಾಸಿ.

ಹಿಂದಕ್ಕೆ ಮಗುಚುವುದು ಇನ್ನೊಂದು ಬಗೆ. ಬಿದ್ದ ಮರದ ದಿಮ್ಮಿಯನ್ನು ಎಳೆಯಲು ಸರಪಳಿಯನ್ನು ಡ್ರಾಬಾರಿಗೆ (ಹಿಂದೆ ಕೆಳಗಿರುವ ಎಳೆಯುವ ಪಟ್ಟಿಗೆ) ಹಾಕದೆ ಆಕ್ಸಲ್ಲಿಗೋ ಅದಕ್ಕಿಂತ ಮೇಲಿನ ಜಾಗಕ್ಕೋ ಬಿಗಿದು ಏರಿನಲ್ಲಿ ಕ್ಲಚ್ ಬಿಟ್ಟರೆ, ಮುಂದಿನ ಗಾಲಿಗಳು ಮೇಲೆದ್ದು ಟ್ರ್ಯಾಕ್ಟರ್ ಎರಡು ಸೆಕೆಂಡಿನೊಳಗೆ ಓಡಿಸುವವನ ಮೇಲೆಯೇ ಬೀಳುತ್ತದೆ. ಇದನ್ನು ತಪ್ಪಿಸಲು ಅನುಭವದ ಅಗತ್ಯವಿಲ್ಲ, ಎಳೆಯುವ ಜಾಗ ಹಿಂದಿನ ಆಕ್ಸಲ್ಲಿಗಿಂತ ಕೆಳಗಿರಲಿ ಎಂಬ ತಿಳಿವಳಿಕೆ ಸಾಕು.

ಇವೆಲ್ಲದರ ನಂತರವೂ ಗಾಡಿ ಮಗುಚಬಹುದು. ಮಗುಚಿದಾಗ ಜೀವ ಉಳಿಸುವುದು ಸೀಟಿನ ಹಿಂದೆ ನಿಲ್ಲಿಸಿದ ಉಕ್ಕಿನ ಕಮಾನು, ರೋಪ್ಸ್ ಎಂದು ಕರೆಯುತ್ತಾರಲ್ಲ ಅದು, ಮತ್ತು ಸೀಟ್ ಬೆಲ್ಟು. ಸ್ವೀಡನ್ ದೇಶ ಹೊಸ ಟ್ರ್ಯಾಕ್ಟರುಗಳಿಗೆ ಈ ರಕ್ಷಣೆಯನ್ನು ಕಡ್ಡಾಯ ಮಾಡಿದ್ದು 1959ರಲ್ಲಿ. ಮುಂದಿನ ಮೂರು ದಶಕಗಳಲ್ಲಿ ಅಲ್ಲಿ ಟ್ರ್ಯಾಕ್ಟರ್ ಮಗುಚಿ ಸಾಯುವುದು ಬಹುಮಟ್ಟಿಗೆ ನಿಂತೇಹೋಯಿತು. ನಮ್ಮಲ್ಲಿ ಇಂದಿಗೂ ಮಿನಿ ಟ್ರ್ಯಾಕ್ಟರ್ ಕೊಳ್ಳುವವರು ಬಿಸಿಲಿಗೆ ಕೊಡೆ ಕೇಳುತ್ತಾರೆ, ಸ್ಟೀರಿಯೊ ಕೇಳುತ್ತಾರೆ, ಕಮಾನನ್ನು ಕೇಳುವುದಿಲ್ಲ. ಕಾಫಿ ಗಿಡದ ನೆರಳಿನ ಮರಗಳ ಕೊಂಬೆಗೆ ತಾಗುತ್ತದೆ ಎಂದು ಇದ್ದ ಕಮಾನನ್ನೇ ಬಿಚ್ಚಿಸಿದವರನ್ನೂ ನಾನು ಕಂಡಿದ್ದೇನೆ. ಮಡಚುವ ಕಮಾನುಗಳು ಸಿಗುತ್ತವೆ. ಕೊಂಬೆ ದಾಟಿದ ಮೇಲೆ ಮತ್ತೆ ನಿಲ್ಲಿಸಬೇಕು, ಏಕೆಂದರೆ ಮಡಚಿದ ಕಮಾನು ಮಡಚಿದ ಕೊಡೆಯಷ್ಟೇ ಪ್ರಯೋಜನಕಾರಿ. ಬೆಲ್ಟಿನ ಬಗ್ಗೆಯೂ ಒಂದು ಸೂಕ್ಷ್ಮವಿದೆ: ಕಮಾನು ನಿಂತಿದ್ದಾಗ ಬೆಲ್ಟ್ ಹಾಕಲೇಬೇಕು, ಕಮಾನು ಇಲ್ಲದ ಗಾಡಿಯಲ್ಲಿ ಹಾಕಬಾರದು. ಮೊದಲನೆಯದರಲ್ಲಿ ಬೆಲ್ಟ್ ನಿಮ್ಮನ್ನು ಕಮಾನಿನ ರಕ್ಷಣೆಯೊಳಗೆ ಹಿಡಿದಿಡುತ್ತದೆ, ಎರಡನೆಯದರಲ್ಲಿ ಉರುಳುವ ಕಬ್ಬಿಣಕ್ಕೆ ಕಟ್ಟಿಹಾಕುತ್ತದೆ. ಮಡ್‌ಗಾರ್ಡಿನ ಮೇಲೆ ಮಕ್ಕಳನ್ನು ಕೂರಿಸಿಕೊಂಡು ತೋಟಕ್ಕೆ ಇಳಿಯುವ ರೂಢಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನಮ್ಮ ಮನೆಯಲ್ಲಿ ಅದನ್ನು ನಿಲ್ಲಿಸಲು ಆ ಚರಂಡಿಯ ಪ್ರಸಂಗವೇ ಬೇಕಾಯಿತು.

ಹಾಗಾದರೆ ಯಾವುದನ್ನು ಕೊಳ್ಳಬೇಕು ಎಂದು ಕೇಳುವವರಿಗೆ ಒಂದೇ ಹೆಸರು ಹೇಳುವುದು ಸರಿಯಾಗದು. ಮಹೀಂದ್ರಾದ ಜೀವೋ ಮತ್ತು ಓಜಾ, ಕುಬೋಟಾದ ನಿಯೋಸ್ಟಾರ್, ಟಿಲ್ಲರುಗಳಿಂದ ಹೆಸರಾದ ಬೆಂಗಳೂರಿನ ವಿಎಸ್‌ಟಿಯ ಮಿನಿ ಟ್ರ್ಯಾಕ್ಟರುಗಳು, ಸೋಲಿಸ್, ಜಾನ್ ಡೀರ್ ಕಂಪನಿಯ 28 ಅಶ್ವಶಕ್ತಿಯ ಮಾದರಿ, ಹೀಗೆ 20ರಿಂದ 30 ಅಶ್ವಶಕ್ತಿಯೊಳಗೆ ಫೋರ್ ವೀಲ್ ಇರುವ ಗಾಡಿಗಳು ಈಗ ಹಲವು ಇವೆ. ಇವುಗಳ ಎಂಜಿನ್ನಿನಲ್ಲಿ ನಮ್ಮ ಹೊರುವ ಕೆಲಸಕ್ಕೆ ಕೊರತೆಯಾಗುವಂಥದ್ದು ಯಾವುದೂ ಇಲ್ಲ. ವ್ಯತ್ಯಾಸ ಇರುವುದು ತೂಕದಲ್ಲಿ, ಗಾಲಿಗಳ ಅಂತರದಲ್ಲಿ, ಗುರುತ್ವ ಕೇಂದ್ರದ ಎತ್ತರದಲ್ಲಿ. ಇವನ್ನು ತಿಳಿಯಲು ಮಾರಾಟಗಾರರ ಮಾತನ್ನು ನೆಚ್ಚಿಕೊಳ್ಳಬೇಕಾಗಿಲ್ಲ. ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರ ಸರ್ಕಾರದ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಟ್ರ್ಯಾಕ್ಟರುಗಳನ್ನು ಪರೀಕ್ಷಿಸಿ ವರದಿ ಕೊಡುತ್ತದೆ. ಅದರಲ್ಲಿ ತೂಕ, ಬ್ರೇಕಿನ ಪರೀಕ್ಷೆ, ತಿರುಗುವ ವ್ಯಾಸ, ಗುರುತ್ವ ಕೇಂದ್ರದ ಸ್ಥಾನ ಇವೆಲ್ಲ ಅಂಕಿಗಳಲ್ಲಿರುತ್ತವೆ. ಎರಡನೆಯ ಟ್ರ್ಯಾಕ್ಟರ್ ಕೊಳ್ಳುವಾಗ ನಾನು ಬುದ್ನಿ ವರದಿಯನ್ನು ಕೇಳಿದಾಗ, ಅಂಥದ್ದನ್ನು ಕೇಳಿದ ಮೊದಲ ಗಿರಾಕಿ ನೀವೇ ಎಂದು ಷೋರೂಮಿನವರು ಹೇಳಿದರು. ಮೂರು ದಿನ ಬಿಟ್ಟು ತರಿಸಿಕೊಟ್ಟರು ಕೂಡ. ಅದಕ್ಕಿಂತಲೂ ದೊಡ್ಡ ಪರೀಕ್ಷೆಯೆಂದರೆ ಗಾಡಿಯನ್ನು ನಿಮ್ಮದೇ ದಾರಿಗೆ ತರಿಸಿ, ಕಂಪನಿಯ ಚಾಲಕರಿಂದಲೇ ಮೊದಲು ಖಾಲಿಯಾಗಿ, ಆಮೇಲೆ ಅರ್ಧ ಭಾರದೊಂದಿಗೆ ಇಳಿಸಿ ನೋಡುವುದು. ಬರಲು ಒಪ್ಪದವರಿಂದ ಕೊಳ್ಳಬೇಡಿ.

ಅದಕ್ಕೂ ಮೊದಲು ಸ್ವಂತ ದಾರಿಯ ಇಳಿಜಾರನ್ನು ಅಳೆಯಬೇಕು. ಗಾರೆಯವರು ಬಳಸುವ ನೀರಿನ ಲೆವೆಲ್ ಪೈಪು ಸಾಕು. ದಾರಿ ಇಳಿಯುವ ದಿಕ್ಕಿನಲ್ಲಿ, ಮಟ್ಟಸವಾಗಿ ಅಳೆದ 20 ಅಡಿ ದೂರದಲ್ಲಿ ಎರಡು ಗೂಟ ನಿಲ್ಲಿಸಿ, ನೀರಿನ ಮಟ್ಟ ಗುರುತಿಸಿ, ನೆಲ ಎಷ್ಟು ಅಡಿ ಇಳಿದಿದೆ ಎಂದು ನೋಡಿದರಾಯಿತು. ಎರಡು ಅಡಿ ಇಳಿದಿದ್ದರೆ ಶೇ 10, ನಾಲ್ಕು ಅಡಿ ಇಳಿದಿದ್ದರೆ ಶೇ 20. ನಾನು ಅಳೆದಾಗ ‘ಅಷ್ಟೇನೂ ಕಡಿದಲ್ಲ’ ಎಂದುಕೊಂಡಿದ್ದ ಒಂದು ತಿರುವು ಶೇ 27 ಬಂತು. ಅಲ್ಲಿ ಟ್ರ್ಯಾಕ್ಟರ್ ಬದಲಿಸಿ ಪ್ರಯೋಜನವಿರಲಿಲ್ಲ, ದಾರಿಯನ್ನೇ ಸುತ್ತು ಹಾಕಿ ಬದಲಿಸಿದೆವು. ಜೆಸಿಬಿ ಕರೆಸಿ ಧರೆಯನ್ನು ನೆಟ್ಟಗೆ ಕಡಿಸುವುದು ಇದಕ್ಕೆ ಪರಿಹಾರವಲ್ಲ ಎಂಬುದನ್ನು ಪ್ರತಿ ಮಳೆಗಾಲವೂ ಕುಸಿಯುವ ಧರೆಗಳು ತೋರಿಸುತ್ತಲೇ ಇವೆ; ಒಳಬದಿಗೆ ಚರಂಡಿ, ಅಲ್ಲಲ್ಲಿ ಅಡ್ಡ ಮೋರಿ, ಜಂಬಿಟ್ಟಿಗೆ ಚೂರಿನ ಹಾಸು ಇಲ್ಲದ ದಾರಿ ಎರಡು ವರ್ಷವೂ ಬಾಳದು. ಸುತ್ತು ಹಾಕಲೂ ಜಾಗವಿಲ್ಲದ ತೀರಾ ಕಡಿದಾದ ಜಮೀನಿನವರು ಮಿನಿ ಟ್ರ್ಯಾಕ್ಟರಿನ ಆಸೆಯನ್ನೇ ಬಿಟ್ಟು, ಸರಪಳಿ ಪಟ್ಟಿಯ ಮೇಲೆ ನಡೆಯುವ ಸಣ್ಣ ಹೊರುವ ಯಂತ್ರವನ್ನೋ ಎಂಜಿನ್ನಿನ ಕೈಗಾಡಿಯನ್ನೋ ನೋಡುವುದು ಒಳ್ಳೆಯದು.

ಕೊನೆಗೆ ಇಲಾಖೆಗೆ ಮತ್ತು ನಿಮ್ಮ ಪತ್ರಿಕೆಗೆ ಕೆಲವು ಕೋರಿಕೆಗಳು. ಕೃಷಿ ಯಾಂತ್ರೀಕರಣದ ಸಹಾಯಧನ ರೈತರ ಆಯ್ಕೆಯನ್ನು ಎಷ್ಟು ಬಲವಾಗಿ ತಿದ್ದುತ್ತದೆ ಎಂಬುದು ಎಲ್ಲರಿಗೂ ಗೊತ್ತಿದೆ. ಮಲೆನಾಡು ಮತ್ತು ಕೊಡಗಿನ ತಾಲ್ಲೂಕುಗಳಿಗೆ ಕೊಡುವ ಸಹಾಯಧನದಲ್ಲಿ ಕಮಾನು, ಬೆಲ್ಟು ಮತ್ತು ಬ್ರೇಕ್ ಇರುವ ಟ್ರೇಲರನ್ನು ಷರತ್ತಾಗಿ ಸೇರಿಸಬೇಕು. ಅದಕ್ಕೆ ತಗಲುವ ಹೆಚ್ಚಿನ ವೆಚ್ಚವನ್ನೂ ಸಹಾಯಧನದಲ್ಲಿಯೇ ಒಳಗೊಳ್ಳಬೇಕು. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿರುವುದರಿಂದ ಕೊಳ್ಳುವವರ ಕೈಯಲ್ಲಿಯೂ ಸ್ವಲ್ಪ ಹಣ ಉಳಿಯುತ್ತದೆ, ಅದು ಸ್ಟೀರಿಯೊಗೆ ಹೋಗದೆ ಟ್ರೇಲರಿನ ಬ್ರೇಕಿಗೆ ಹೋಗಲಿ. ಹೋಬಳಿ ಮಟ್ಟದ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳಲ್ಲಿ ನಮ್ಮ ಕಡೆಯಾದರೂ ಫೋರ್ ವೀಲ್ ಮಿನಿ ಟ್ರ್ಯಾಕ್ಟರುಗಳನ್ನು ಇಟ್ಟರೆ, ಕೊಳ್ಳುವ ಮೊದಲು ಒಂದು ವಾರ ಬಾಡಿಗೆಗೆ ಪಡೆದು ಪರೀಕ್ಷಿಸಬಹುದು. ಮೂಡಿಗೆರೆಯ ಮತ್ತು ತೀರ್ಥಹಳ್ಳಿಯ ಸಂಶೋಧನಾ ಕೇಂದ್ರಗಳ ನೆಲವೂ ಗುಡ್ಡಗಾಡಿನದೇ ಆದ್ದರಿಂದ ಇಳಿಜಾರಿನ ಪ್ರಾತ್ಯಕ್ಷಿಕೆಗೆ ಬೇರೆ ಜಾಗ ಹುಡುಕಬೇಕಾಗಿಲ್ಲ. ನಿಮ್ಮ ಪುರವಣಿಯವರು ಮುಂದಿನ ಸಲ ಇಂಥ ಪಟ್ಟಿ ಮಾಡುವಾಗ ತೂಕ, ಹಿಂದಿನ ಗಾಲಿಗಳ ಗರಿಷ್ಠ ಅಂತರ, ಗುರುತ್ವ ಕೇಂದ್ರದ ಎತ್ತರ, ಅತಿ ಕೆಳಗಿನ ಗೇರಿನ ವೇಗ ಮತ್ತು ಕಮಾನು ಇದೆಯೇ ಇಲ್ಲವೇ ಎಂಬ ಐದು ಅಂಕಣಗಳನ್ನು ಸೇರಿಸಬೇಕೆಂದು ವಿನಂತಿ. ಜಾಗ ಸಾಲದಿದ್ದರೆ ಎತ್ತುವ ಸಾಮರ್ಥ್ಯದ ಅಂಕಣವನ್ನು ಬಿಡಬಹುದು, ನಮ್ಮಲ್ಲಿ ಅದನ್ನು ಬಳಸುವವರು ಕಡಿಮೆ.

ಯಾವುದೇ ಕಂಪನಿಯವರು ತಮ್ಮ ಗಾಡಿಯನ್ನು ಇಳಿಸಿ ತೋರಿಸಲು ಬಯಸಿದರೆ ನಮ್ಮ ಬ್ಯಾಣದ ದಾರಿ ಶೇ 20ರದು ಇದೆ, ಮಣ್ಣೂ ಟ್ರೇಲರೂ ನಮ್ಮವೇ. ಮೃಗಶಿರ ಮಳೆ ಹಿಡಿಯುವುದಕ್ಕೆ ಮುಂಚೆ ಬರಬೇಕು. ಆಮೇಲೆ ಆ ದಾರಿಯಲ್ಲಿ ನಾವೂ ಗಾಡಿ ಬಿಡುವುದಿಲ್ಲ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಅಡಿಕೆ ಬೆಳೆಗಾರ
ಕೊಪ್ಪ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ